ನೆಟ್‌ಮಾಸ್ಕ್ ಎಂಬ ತೇಪೆ

ಯುನಿಕ್ಸ್ ಯಂತ್ರಕ್ಕೆ ಕೈಯಾರೆ ಐಪಿ ವಿಳಾಸ ಕೊಡುವಾಗ, ಅದರಲ್ಲಿ ಜಾಲದ ಭಾಗ ಎಷ್ಟೆಂದು ಹೇಳುವ ನೆಟ್‌ಮಾಸ್ಕ್ ತಪ್ಪಿದರೆ, ದೋಷವನ್ನು ಅಡ್ಮಿನ್‌ನ ಅಜಾಗರೂಕತೆಯ ತಲೆಗೆ ಕಟ್ಟುವುದು ರೂಢಿ. ಆದರೆ ಈ ತಪ್ಪಿಗೆ ವಿನ್ಯಾಸದ ಚರಿತ್ರೆಯೇ ಹೆಚ್ಚು ಹೊಣೆ. ಐಪಿಯ ನಿಯಮಗಳನ್ನು ಹೇಳುವ 1981ರ ಆರ್‌ಎಫ್‌ಸಿ 791ರಲ್ಲಿ ಮಾಸ್ಕ್ ಇರಲೇ ಇಲ್ಲ. 32 ಬಿಟ್‌ಗಳ ವಿಳಾಸದ ಆರಂಭದ ಬಿಟ್‌ಗಳಿಂದಲೇ ಎ, ಬಿ, ಸಿ ಎಂಬ ವರ್ಗ ತಿಳಿಯುತ್ತಿತ್ತು. ವರ್ಗದಿಂದ ಜಾಲದ ಭಾಗ 8, 16, 24 ಬಿಟ್‌ಗಳಲ್ಲಿ ಎಷ್ಟು ಎಂಬುದು ತಿಳಿಯುತ್ತಿತ್ತು. ವಿಶ್ವವಿದ್ಯಾಲಯಗಳಲ್ಲಿ ಈಥರ್ನೆಟ್ ಕೇಬಲ್‌ಗಳು ಹೆಚ್ಚಿದಂತೆ, ಒಂದೇ ಜಾಲವನ್ನು ಒಳಗೊಳಗೇ ಸೀಳುವ ಅಗತ್ಯ ಬಂತು. ಜೆಫ್ರಿ ಮೋಗಲ್ 1984ರಲ್ಲಿ ಇದರ ದಾರಿಗಳನ್ನು ಚರ್ಚಿಸಿದರು. 1985ರಲ್ಲಿ ಅವರೂ ಜಾನ್ ಪೋಸ್ಟೆಲ್ ಅವರೂ ಆರ್‌ಎಫ್‌ಸಿ 950ರಲ್ಲಿ ಮಾಸ್ಕನ್ನು ನಿಯಮವಾಗಿಸಿದರು. ಪ್ಯಾಕೆಟ್‌ನಲ್ಲೇ ಮಾಸ್ಕನ್ನೂ ಕಳಿಸಬಹುದಿತ್ತಲ್ಲ ಎನ್ನಬಹುದು. ಆಗ ಹೆಡರ್ ಬದಲಾಗಿ, ಜಗತ್ತಿನ ಎಲ್ಲ ಯಂತ್ರಗಳೂ ಬದಲಾಗಬೇಕಿತ್ತು. ಒಳಗಿನ ಸೀಳು ಹೊರಗಿನವರಿಗೆ ಕಾಣದಿರುವುದೇ ಈ ಉಪಾಯದ ಜಾಣ್ಮೆ. ಅದಕ್ಕೆ ತೆತ್ತ ಬೆಲೆಯೆಂದರೆ, ಒಂದೇ ಸಂಗತಿಯನ್ನು ಪ್ರತಿ ಯಂತ್ರದಲ್ಲೂ ಬೇರೆಬೇರೆಯಾಗಿ ಬರೆಯಬೇಕಾಯಿತು. ಒಂದಕ್ಕೊಂದು ತಾಳೆಯಾಗುತ್ತದೆಯೇ ಎಂದು ನೋಡುವವರಿಲ್ಲ.

ದೋಷ ಅರೆಬರೆಯಾಗಿ ಕಾಣುವುದೂ ಇದರಿಂದಲೇ. ಕಚೇರಿಯ ಒಂದು ಯಂತ್ರ 10.1.1.5, ಅದರ ನಿಜವಾದ ಮಾಸ್ಕ್ 255.255.255.0 ಎಂದುಕೊಳ್ಳಿ. ವಿಳಾಸ ಕೊಡುವ ಹಳೆಯ ಆಜ್ಞೆಯಾದ ಐಎಫ್‌ಕಾನ್ಫಿಗ್‌ಗೆ ಮಾಸ್ಕ್ ಹೇಳದೆ ವಿಳಾಸ ಮಾತ್ರ ಕೊಟ್ಟರೆ, ಅದು 10ನ್ನು ಎ ವರ್ಗವೆಂದು ಬಗೆದು 255.0.0.0 ಹಾಕುತ್ತದೆ. ಆಗ ಹೊರಗಿನ ಇಂಟರ್ನೆಟ್ ಸಲೀಸಾಗಿ ನಡೆಯುತ್ತದೆ, ಏಕೆಂದರೆ ಅದು ಗೇಟ್‌ವೇ ಪಾಲು. ಇನ್ನೊಂದು ಶಾಖೆಯ 10.2.5.7 ಮಾತ್ರ ಸಿಗುವುದಿಲ್ಲ. ಅದು ತನ್ನ ತಂತಿಯಲ್ಲೇ ಇದೆಯೆಂದು ನಂಬಿದ ಯಂತ್ರ, ಒಂದೇ ತಂತಿಯಲ್ಲಿರುವವರನ್ನು ಹುಡುಕುವ ಎಆರ್‌ಪಿ ಮೂಲಕ ಕೂಗುತ್ತಲೇ ಇರುತ್ತದೆ. ರೂಟರ್‌ನಲ್ಲಿ ಪ್ರಾಕ್ಸಿ ಎಆರ್‌ಪಿ ಇದ್ದರೆ ಅದೇ ಆ ಕೂಗಿಗೆ ಓಗೊಟ್ಟು, ತಪ್ಪನ್ನು ವರ್ಷಗಟ್ಟಲೆ ಮುಚ್ಚಿಡಬಲ್ಲದು. 1993ರಲ್ಲಿ ಸಿಐಡಿಆರ್ ಎಂಬ ಹೊಸ ವಿಳಾಸ ಪದ್ಧತಿ ವರ್ಗಗಳನ್ನು ಕೈಬಿಟ್ಟಿತು. ವರ್ಗದ ಊಹೆ ಮಾತ್ರ ಐಎಫ್‌ಕಾನ್ಫಿಗ್ ಆಜ್ಞೆಯೊಳಗೆ ಉಳಿಯಿತು.

ಅದೇ ವರ್ಷ ವಿಳಾಸವನ್ನೂ ಮಾಸ್ಕನ್ನೂ ತಾನೇ ಹಂಚುವ ಡಿಎಚ್‌ಸಿಪಿ ಬಂತು, ಮಾಸ್ಕನ್ನು ಕೈಯಲ್ಲಿ ಬರೆಯುವ ಕಾಲ ಮುಗಿಯಿತು ಎಂಬ ಆಕ್ಷೇಪಕ್ಕೆ ಅರ್ಧ ಬಲವಿದೆ. ಲ್ಯಾಪ್‌ಟಾಪ್‌ಗಳ ಮಟ್ಟಿಗೆ ಅದು ನಿಜ. ಆದರೆ ರೂಟರ್, ಸರ್ವರ್, ಕೊನೆಗೆ ಡಿಎಚ್‌ಸಿಪಿ ಸರ್ವರ್ ಕೂಡ ಸಾಮಾನ್ಯವಾಗಿ ಸ್ಥಿರ ವಿಳಾಸದಲ್ಲೇ ಇರುತ್ತವೆ. ಡಿಎಚ್‌ಸಿಪಿ ಸರ್ವರ್ ಹಂಚುವ ಮಾಸ್ಕೇ ತಪ್ಪಿದ್ದರೆ ತಪ್ಪು ಇಡೀ ಕಚೇರಿಗೆ ಹಂಚಿಕೆಯಾಗುತ್ತದೆ. ಹೀಗೆ ಕೈಯಾರೆ ಬರೆಯುವುದು ಉಳಿದಿರುವಾಗ, ಐಎಫ್‌ಕಾನ್ಫಿಗ್‌ನ ಊಹೆಗಿಂತ ಲಿನಕ್ಸ್‌ನ ಹೊಸ ‘ip’ ಆಜ್ಞೆಯ ಹಟವೇ ನನಗೆ ಮೇಲೆನಿಸುತ್ತದೆ. ಮಾಸ್ಕ್ ಹೇಳದಿದ್ದರೆ ಅದು ವರ್ಗ ಊಹಿಸದೆ ವಿಳಾಸವನ್ನು 32 ಬಿಟ್‌ಗಳ ಒಂಟಿ ಯಂತ್ರವೆಂದೇ ಬಗೆಯುತ್ತದೆ. ಹಾಗಾದಾಗ ಪಕ್ಕದ ಯಂತ್ರವೂ ಸಿಗುವುದಿಲ್ಲ, ರೂಟ್ ಪಟ್ಟಿಯಲ್ಲಿ ಸ್ಥಳೀಯ ಜಾಲದ ಸಾಲೇ ಇರುವುದಿಲ್ಲ. ದೋಷ ಮೊದಲ ಪಿಂಗ್‌ಗೇ ಬಯಲಾಗುತ್ತದೆ.