ಒಗಟು, ಮಣೆ, ಹೊಸಿಲು

ಆಟಗಳ ಇತಿಹಾಸವನ್ನು ಬರೆಯುವವರು ಮಣೆ, ಕಾಯಿ, ದಾಳಗಳನ್ನು ವಿವರಿಸಿ, ಒಗಟನ್ನು ಸಾಹಿತ್ಯದವರಿಗೆ ಬಿಟ್ಟುಕೊಡುವುದು ವಾಡಿಕೆ. ಈ ವಿಂಗಡಣೆಯಿಂದ ಎರಡಕ್ಕೂ ನಷ್ಟವಾಗಿದೆಯೆಂಬುದು ಪ್ರಕೃತ ಲೇಖಕನ ಅಭಿಪ್ರಾಯ.

ಹಳೆಯ ಮೈಸೂರು ಸೀಮೆಯಲ್ಲಿ, ನಮ್ಮ ಮದ್ದೂರು ತಾಲ್ಲೂಕಿನ ನಿಡಘಟ್ಟದ ಕಡೆಯೂ ಸೇರಿದಂತೆ, ಹೊಸ ಮದುಮಕ್ಕಳು ಮನೆ ಹೊಗುವಾಗ ಹೊಸಿಲಲ್ಲಿ ತಡೆದು, ಪರಸ್ಪರರ ಹೆಸರನ್ನು ಒಗಟಿನಲ್ಲಿ ಸೇರಿಸಿ ಹೇಳಬೇಕೆಂದು ಒತ್ತಾಯಿಸುವ ಪದ್ಧತಿಯುಂಟು. ಹೇಳಿದ ಹೊರತು ಬಾಗಿಲು ಬಿಡರು. ಇಲ್ಲಿ ಒಗಟೇ ಆಟದ ನಿಯಮ. ಮದುಮಗಳು ತಡವರಿಸಿದರೆ ಪಕ್ಕದ ಅತ್ತಿಗೆಯೋ ಅಜ್ಜಿಯೋ ಕಿವಿಯಲ್ಲಿ ಎತ್ತಿಕೊಡುತ್ತಾರೆ. ಆಟ ಮುಂದೆ ಸಾಗುತ್ತದೆ.

1974ರಲ್ಲಿ ಅಮೆರಿಕದಲ್ಲಿ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಪ್ರಕಟವಾದಂದಿನಿಂದ ಬೆಳೆದುಬಂದ, ಮೇಜಿನ ಸುತ್ತ ಕುಳಿತು ಪಾತ್ರವಹಿಸಿ ಆಡುವ ಆಟಗಳಲ್ಲಿಯೂ ಮುಚ್ಚಿದ ಬಾಗಿಲು, ಅದರ ಮುಂದೊಂದು ಒಗಟು ಬರುವುದುಂಟು. ಅಲ್ಲಿನ ತೊಡಕೆಂದರೆ, ವಹಿಸಿದ ಪಾತ್ರವು ಮಹಾಪಂಡಿತನದಾದರೂ ಉತ್ತರ ಹೊಳೆಯಬೇಕಾದುದು ಆಡುವವನಿಗೆ. ಹೊಳೆಯದಿದ್ದರೆ ಕಥೆಯೇ ನಿಂತುಹೋಗುತ್ತದೆ. ಎತ್ತಿಕೊಡುವ ಅಜ್ಜಿ ಎಲ್ಲ ಮೇಜಿನಲ್ಲಿಯೂ ಇರುವುದಿಲ್ಲ.

ಬಿಡಿಸುವ ಕೀಲಿಯನ್ನು ಆಟಗಾರರೆಲ್ಲರೂ ಬಲ್ಲ ನಡೆಯಲ್ಲಿಯೇ ಇರಿಸುವುದು ಇನ್ನೊಂದು ಉಪಾಯ. ತುರಗಪದ ಬಂಧವು ಇದಕ್ಕೆ ನಿದರ್ಶನ. ಅನುಷ್ಟುಪ್ ಶ್ಲೋಕದ 32 ಅಕ್ಷರಗಳನ್ನು ಚದುರಂಗದ ಅರ್ಧ ಮಣೆಯ 32 ಮನೆಗಳಲ್ಲಿಟ್ಟು, ಪ್ರತಿ ಮನೆಯನ್ನೂ ಒಮ್ಮೆ ಮಾತ್ರ ಮೆಟ್ಟುತ್ತ ಕುದುರೆಯ ನಡೆಯಲ್ಲಿ ಓದಬೇಕು. 9ನೆಯ ಶತಮಾನದ ಕಾಶ್ಮೀರದ ರುದ್ರಟನಲ್ಲಿ ಹೀಗೆ ಓದಿದಾಗ ಅದೇ ಶ್ಲೋಕ ಮರಳಿ ಬರುತ್ತದೆ. ವೇದಾಂತದೇಶಿಕರ ‘ಪಾದುಕಾಸಹಸ್ರ’ದಲ್ಲಾದರೋ ಬೇರೊಂದು ಶ್ಲೋಕವೇ ಹೊರಡುತ್ತದೆ. ಶ್ರೀರಂಗದ ಮೇಲೆ ದಾಳಿಯಾದ ಮೇಲೆ ಇವರು ಮೇಲುಕೋಟೆ, ಸತ್ಯಾಗಾಲಗಳಲ್ಲಿ ನೆಲೆಸಿದ್ದರೆಂದು ಸಂಪ್ರದಾಯ ಹೇಳುತ್ತದೆ. ನಮ್ಮ ಸೀಮೆಗೆ ತೀರ ಹೊರಗಿನವರಲ್ಲ.

ಇದೇ ನಡೆಯನ್ನು ಅಂಕಿಗಳಲ್ಲಿ ಸಾಧಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರು (1794–1868). 144 ಮನೆಗಳ ಮಣೆಯಲ್ಲಿ ಅವರು ರಚಿಸಿದ ನಡೆಯೊಂದರಲ್ಲಿ ಕುದುರೆಯ ಹೆಜ್ಜೆಗಳಿಗೆ 1ರಿಂದ 144ರವರೆಗೆ ಅಂಕಿಯಿತ್ತರೆ, ಅಡ್ಡಸಾಲು ಕಂಬಸಾಲುಗಳೆಲ್ಲದರ ಮೊತ್ತವೂ 870. ಅವರ ಆಶ್ರಯದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೌತುಕನಿಧಿಯು ಆಟಗಳನ್ನೂ ಒಳಗೊಂಡಿದೆ. 1831ರಲ್ಲಿ ಆಡಳಿತವು ಬ್ರಿಟಿಷರ ಕೈಸೇರಿದ ಮೇಲೆ ಅರಸರಿಗುಳಿದ ಬಿಡುವಿನ ವಿನೋದವಿದು ಎಂದು ಬದಿಗಿಡುವುದು ಸುಲಭ. ಆದರೆ ಆಟವೂ ಬರೆದಿಡತಕ್ಕ ವಿದ್ಯೆಯೆಂದು ಅವರು ಎಣಿಸಿದುದನ್ನು ಇತಿಹಾಸಕಾರನು ಮರೆಯಲಾಗದು.

ಹೊಸಿಲಿನ ಒಗಟಿಗೆ ಆ ಭಾಗ್ಯ ಬರಲಿಲ್ಲ. ನಮ್ಮ ಸಂಗ್ರಹಗಳು ಬಹುಮಟ್ಟಿಗೆ ಒಗಟನ್ನೂ ಉತ್ತರವನ್ನೂ ಮುದ್ರಿಸುತ್ತವೆ. ಕೇಳಿದವರು ಯಾರು, ಎತ್ತಿಕೊಟ್ಟವರು ಯಾರು, ಎಷ್ಟನೆಯ ಒಗಟಿಗೆ ಬಾಗಿಲು ಬಿಟ್ಟರು ಎಂಬುದನ್ನು ಬರೆದುಕೊಂಡವರು ವಿರಳ.