ಫಿತೂರಿ ಅಂದವರು ಯಾರು?

ಸಂಗೊಳ್ಳಿ, ಬೈಲಹೊಂಗಲ, ಕಿತ್ತೂರು ಕಡೆ ಮೋಸಕ್ಕೆ ನಮ್ಮಲ್ಲಿ ಒಂದೇ ಮಾತಿಲ್ಲ. ಕೊಟ್ಟ ರೊಕ್ಕ ಮುಳುಗಿಸಿದರೆ ‘ದಗಾ ಹಾಕಿದ’ ಅಂತೀವಿ. ಬೆನ್ನ ಹಿಂದೆ ಎದುರಾಳಿಯ ಜೊತೆ ಸೇರಿದರೆ ‘ಫಿತೂರಿ ಮಾಡಿದ’ ಅಂತೀವಿ. ರಾಯಣ್ಣನನ್ನು ಹಿಡಿದುಕೊಟ್ಟವರ ಮಾತು ಬಂದರೆ ‘ದ್ರೋಹ’ ಅಂತೀವಿ. ಈ ಮಾತುಗಳು ಎಲ್ಲಿಂದ ಬಂದವು?

‘ವಂಚನೆ’, ‘ದ್ರೋಹ’ ಎರಡೂ ಸಂಸ್ಕೃತದವು. ವಂಚನೆಯ ಧಾತುವಿಗೆ ಸೊಟ್ಟಗೆ ನಡೆಯುವುದು ಎಂಬ ಅರ್ಥವಿತ್ತು. ದ್ರೋಹದ ಧಾತುವಿಗೆ ಕೇಡು ಬಗೆಯುವುದು ಎಂದರ್ಥ. ಸುಳ್ಳಿಗೆ ಪಾರಸಿಯಲ್ಲಿರುವ ‘ದುರೂಗ್’ ಅದೇ ಬೇರಿನ ಮಾತು.

‘ದಗಾ’ ಪಾರಸಿ ಶಬ್ದ. ಆದಿಲಶಾಹಿ, ಮರಾಠರ ಆಡಳಿತ ಕಂಡ ನಮ್ಮ ಸೀಮೆಯಲ್ಲಿ ಇಂಥ ಮಾತು ಬಹಳ ಇವೆ. ‘ದಗಾಕೋರ’ದಲ್ಲಿರುವ ಕೋರ ಅಂದರೆ ಪಾರಸಿಯಲ್ಲಿ ತಿನ್ನುವವನು. ಲಂಚಕೋರ, ಬಂಡುಕೋರ ಎಂಬಲ್ಲಿಯೂ ಅದೇ ಕೋರ ಇದೆ.

‘ಫಿತೂರಿ’ ಮಾತ್ರ ಹಾದಿ ಬದಲಿಸಿದ ಮಾತು. ಅರಬ್ಬಿಯ ‘ಫುತೂರ್’ ಅಂದರೆ ಸಡಿಲಾಗುವುದು, ಬಲ ಕುಂದುವುದು. ಆಳುವವರ ಬಾಯಲ್ಲಿ ಅದು ದಂಗೆ ಎಂದಾಯಿತು. ಗೋದಾವರಿ ಕಡೆಯ ರಂಪಾ ಗುಡ್ಡಗಾಡಿನ ಜನ 1879ರಲ್ಲಿ ತಿರುಗಿಬಿದ್ದಾಗ ಬ್ರಿಟಿಷರು ಅದಕ್ಕೆ ಫಿತೂರಿ ಎಂದೇ ಹೆಸರಿಟ್ಟರು.

ಈಗ ರಾಯಣ್ಣನ ಕಡೆ ಬರೋಣ. 1824ರಲ್ಲಿ ಕಿತ್ತೂರು ಕೋಟೆ ಕಂಪನಿಯ ಕೈಸೇರಿತು. ಚೆನ್ನಮ್ಮನ ದತ್ತುಮಗ ಶಿವಲಿಂಗಪ್ಪನನ್ನು ಗಾದಿಗೆ ಕೂರಿಸಬೇಕೆಂದು ರಾಯಣ್ಣ ಜನ ಕೂಡಿಸಿ ಹೋರಾಡಿದ, ಕಂಪನಿಯ ಕಚೇರಿಗಳನ್ನು ಸುಟ್ಟ. 1830ರ ಏಪ್ರಿಲ್‌ನಲ್ಲಿ ನಮ್ಮವರೇ ಸೇರಿ ಅವನನ್ನು ಹಿಡಿದುಕೊಟ್ಟರು. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು. ಕಂಪನಿಯ ಕಣ್ಣಿಗೆ ರಾಯಣ್ಣನೇ ಬಂಡುಕೋರ, ಹಿಡಿದುಕೊಟ್ಟವರು ನಂಬಿಕಸ್ಥರು. ಊರಿನ ಜನ ಇದನ್ನು ಒಪ್ಪಲಿಲ್ಲ. ಲಾವಣಿಯಲ್ಲಿ ರಾಯಣ್ಣ ಶೂರನಾದ, ಹಿಡಿದುಕೊಟ್ಟವರು ದ್ರೋಹಿಗಳಾದರು.

ಇದನ್ನು ಈಗ ಯಾಕೆ ಹೇಳುತ್ತಿದ್ದೇವೆ ಅಂದರೆ, ಆ ಮಾತುಗಳು ಇನ್ನೂ ನಮ್ಮ ಬಾಯಲ್ಲಿವೆ. ಫೋನ್ ಮಾಡಿ ಒಟಿಪಿ ಕೇಳಿ ರೊಕ್ಕ ಎಳೆದುಕೊಂಡರೆ ಅದು ದಗಾ, ಅದರಲ್ಲಿ ಎರಡು ಮಾತಿಲ್ಲ. ಆದರೆ ಊರಿನ ಕೆಲಸದ ಲೆಕ್ಕ ಕೇಳಿದ ಹುಡುಗನಿಗೆ ‘ಊರಿಗೆ ದ್ರೋಹ ಮಾಡಿದ, ಫಿತೂರಿ ನಡೆಸಿದ’ ಅನ್ನುವುದನ್ನೂ ನಾವು ಕೇಳುತ್ತೇವೆ. ಹಾಗೆ ಅಂದಾಗ ತಕ್ಷಣ ತಲೆ ಅಲ್ಲಾಡಿಸಬೇಡಿ. ಅಂದವರು ಯಾರು, ಆ ಲೆಕ್ಕ ಹೊರಗೆ ಬಂದರೆ ಯಾರಿಗೆ ತೊಂದರೆ ಅಂತ ಮೊದಲು ನೋಡಿ. ರಾಯಣ್ಣನಿಗೂ ಒಂದು ಕಾಲಕ್ಕೆ ಇಂಥದೇ ಹೆಸರು ಹಚ್ಚಿದ್ದರು.