ನೆಲದ ಹಗೇವು ತೆರೆದಾಗ



ಇಂದು ಕೆಂಗೇರಿ ಸುತ್ತಿನ ಹಳ್ಳಿಗಳಲ್ಲಿ ಗುಂಡಿ ಒತ್ತಿದರೆ ದೀಪ ಹತ್ತುತ್ತದೆ, ಪಂಪು ತಿರುಗುತ್ತದೆ. ಈ ವಿದ್ಯುತ್ತಿನ ಕಥೆಗೂ ನಮ್ಮ ಮಳೆಗೂ ನಂಟಿದೆ. ಹೇಗೆಂದು ನೋಡೋಣ.

ನಮ್ಮ ಹಿರಿಯರು ಹಚ್ಚುತ್ತಿದ್ದುದು ಹೊಂಗೆ ಎಣ್ಣೆ, ಹರಳೆಣ್ಣೆಯ ದೀಪ. ಆಮೇಲೆ ಸೀಮೆಎಣ್ಣೆ ಬಂತು. ಅದು ಭೂಮಿ ಕೊರೆದು ತೆಗೆದ ಎಣ್ಣೆ. 1902ರಲ್ಲಿ ಶಿವನಸಮುದ್ರದ ಕಾವೇರಿ ನೀರಿನಿಂದ ತಯಾರಾದ ವಿದ್ಯುತ್ತು ಕೋಲಾರದ ಚಿನ್ನದ ಗಣಿ ಸೇರಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಮುಂದೆ ಶರಾವತಿಯೂ ಕೈಜೋಡಿಸಿತು. ಹೀಗೆ ಬಹುಕಾಲ ನಮ್ಮದು ನೀರಿನ ಬೆಳಕು.

ಊರು ಬೆಳೆಯಿತು. ರಾಜಾಜಿನಗರದಲ್ಲಿ ಕಾರ್ಖಾನೆ, ವಿಜಯನಗರದಲ್ಲಿ ಮನೆ, ಹಳ್ಳಿಹಳ್ಳಿಯಲ್ಲಿ ಕೊಳವೆ ಬಾವಿ. ಮಳೆ ಕೈಕೊಟ್ಟ ವರ್ಷ ಜಲಾಶಯವೂ ಬರಿದು, ವಿದ್ಯುತ್ತಿಗೂ ಬರ. ಆಗ ಕಲ್ಲಿದ್ದಲನ್ನು ನೆಚ್ಚಬೇಕಾಯಿತು. 1985ರಲ್ಲಿ ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲಿನ ವಿದ್ಯುತ್ ಕೇಂದ್ರ ಶುರುವಾಯಿತು. ಕಲ್ಲಿದ್ದಲು ಬರುವುದು ಗೋದಾವರಿ ಸೀಮೆಯ ಸಿಂಗರೇಣಿ ಮುಂತಾದ ಹೊರರಾಜ್ಯದ ಗಣಿಗಳಿಂದ, ರೈಲಿನಲ್ಲಿ.

ಕಲ್ಲಿದ್ದಲು ಅಂದರೆ 25 ಕೋಟಿ ವರ್ಷಕ್ಕೂ ಹಿಂದೆ ಹೂತುಹೋದ ಗಿಡಮರ. ಅವು ಗಾಳಿಯಿಂದ ಹೀರಿದ ಇಂಗಾಲ ನೆಲದಡಿ, ಹಗೇವಿನ ರಾಗಿಯಂತೆ, ಭದ್ರವಾಗಿತ್ತು. ಹಗೇವು ತೆರೆದ ಕೂಡಲೇ ಇಳಿಯಬಾರದು, ಕೆಟ್ಟ ಗಾಳಿ ಹೋಗಲಿ ಅಂತ ಹಿರಿಯರು ಕಾಯುತ್ತಿದ್ದರಲ್ಲವೇ? ಆ ಗಾಳಿಯಲ್ಲಿ ತುಂಬಿದ್ದುದು ಇಂಗಾಲಾಮ್ಲ. ಕಲ್ಲಿದ್ದಲು, ಡೀಸೆಲ್ ಸುಟ್ಟಾಗ ಬರುವುದೂ ಅದೇ. ಗಣಿ ಅಗೆಯುವಾಗಲೇ ಮೀಥೇನ್ ಎಂಬ ಇನ್ನೊಂದು ಅನಿಲ ಹೊರಬೀಳುತ್ತದೆ. ಹಗೇವಿನ ಗಾಳಿ ಬಯಲಿಗೆ ಹೋದೀತು. ಭೂಮಿಯ ಗಾಳಿ ಎಲ್ಲಿಗೆ ಹೋಗಬೇಕು?

ಇನ್ನೂರೈವತ್ತು ವರ್ಷಗಳ ಹಿಂದೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಸುಮಾರು 280 ಪಾಲು ಇಂಗಾಲಾಮ್ಲವಿತ್ತು. ಈಗ 420 ದಾಟಿದೆ. ಅದು ಭೂಮಿಗೆ ಹೊದಿಸಿದ ಕಂಬಳಿಯ ಹಾಗೆ; ಕಾವನ್ನು ಹೊರಗೆ ಬಿಡದು. ಬಿಸಿಯಾದ ಗಾಳಿ ಹೆಚ್ಚು ನೀರು ಹೀರುತ್ತದೆ. ನೆಲ ಬೇಗ ಒಣಗುತ್ತದೆ. ಮಳೆ ಬಂದಾಗ ಒಮ್ಮೆಲೇ ಸುರಿದು ಮಣ್ಣು ಕೊಚ್ಚುತ್ತದೆ. 2023ರಲ್ಲಿ ನಮ್ಮ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸಾರಿದರು. ಒಂದು ವರ್ಷದ ಬರಕ್ಕೆ ಇದೊಂದೇ ಕಾರಣವೆನ್ನಲಾಗದು. ಆದರೆ ಕಾವು ಏರಿದಷ್ಟೂ ಇಂಥ ಏರುಪೇರು ಹೆಚ್ಚುತ್ತದೆ.

ಮಳೆ ಕೈಕೊಟ್ಟಿತೆಂದು ಕಲ್ಲಿದ್ದಲು ಹಿಡಿದೆವು. ಕಲ್ಲಿದ್ದಲು ಮಳೆಯನ್ನೇ ನೆಚ್ಚದಂತೆ ಮಾಡುತ್ತಿದೆ.

ದಾರಿ ಇಲ್ಲದಿಲ್ಲ. ಪಾವಗಡದ ಬಯಲಲ್ಲಿ 2018ರಿಂದ ಬಿಸಿಲೇ ವಿದ್ಯುತ್ತಾಗುತ್ತಿದೆ. ಬಾವಿಗೆ ತಕ್ಕ ಪಂಪು ಕೂರಿಸಿ, ಹನಿ ನೀರಾವರಿ ಮಾಡಿ, ಅನುಕೂಲವಿದ್ದವರು ಸೌರ ಪಂಪಿಗೆ ಬನ್ನಿ. ಕೃಷಿ ಹೊಂಡ ತೋಡಿ, ಸುರಿದ ಮಳೆ ಹಿಡಿದಿಡಿ. ಬದುವಿನ ಮೇಲೆ ಹೊಂಗೆ ನೆಡಿ. ಗಾಳಿಯ ಇಂಗಾಲವನ್ನು ಅದು ಮತ್ತೆ ಹೀರುತ್ತದೆ.